ಜನಪ್ರತಿನಿಧಿಯ ಪತ್ರದಲ್ಲಿ ಎರಡು ಕಾಯಿದೆಗಳು

(ಮಲೆನಾಡಿನ ಕೃಷಿಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕದ ಸರ್ಕಾರ ತನ್ನ ರೈತನನ್ನು ಎಂದೂ ಕೈಬಿಡುವುದಿಲ್ಲ ಎಂಬ ಮಾತನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಕೆಲವರು ಅದನ್ನು ಮೆಚ್ಚುಗೆಯಿಂದ ಹೇಳುತ್ತಾರೆ; ಕೆಲವರು ನಮ್ಮ ಸರ್ಕಾರಗಳನ್ನು ಚುಚ್ಚುವುದಕ್ಕಾಗಿ ಹೇಳುತ್ತಾರೆ; ಇನ್ನು ಕೆಲವರು ಅಲ್ಲಿನ ಸಹಾಯಧನದಿಂದ ಇಲ್ಲಿನ ಬೆಲೆ ಕುಸಿಯುತ್ತದೆಂಬ ಸಿಟ್ಟಿನಿಂದ ಹೇಳುತ್ತಾರೆ. ಈ ಮೂವರೂ ಆ ಕಾಯಿದೆಯನ್ನು ತೆರೆದು ನೋಡಿರುವುದು ಅಪರೂಪ. ನೋಡಹೊರಟರೂ ಅದು ಸುಲಭವಲ್ಲ. 2018ರ ಕೃಷಿ ಕಾಯಿದೆ ಐನೂರಕ್ಕೂ ಹೆಚ್ಚು ಪುಟಗಳ ಗ್ರಂಥ. ಆದ್ದರಿಂದ ಇಂದು ನಾನು ಬೇರೊಂದು ಬಾಗಿಲಿನಿಂದ ಒಳಹೋಗಲು ಬಯಸುತ್ತೇನೆ. ಆ ದೇಶದ ಜನಪ್ರತಿನಿಧಿಗಳು ತಮ್ಮ ಮತದಾರರಿಗೆ ಆಗಾಗ ಬರೆಯುವ ವರದಿ ಪತ್ರವೇ ಆ ಬಾಗಿಲು.

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದರ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 435 ಸದಸ್ಯರಿದ್ದಾರೆ. ಒಬ್ಬೊಬ್ಬರೂ ಸುಮಾರು ಏಳೂವರೆ ಲಕ್ಷ ಜನರನ್ನು ಪ್ರತಿನಿಧಿಸುತ್ತಾರೆ. ಈ ಸದಸ್ಯರು ತಮ್ಮ ಕ್ಷೇತ್ರದ ಜನರಿಗೆ ಬರೆಯುವ ಪತ್ರಕ್ಕೆ ಅಂಚೆಚೀಟಿ ಬೇಕಿಲ್ಲ. ಲಕೋಟೆಯ ಮೇಲೆ ಸದಸ್ಯರ ಸಹಿಯೇ ಚೀಟಿಯ ಬದಲಿಗೆ ನಿಲ್ಲುತ್ತದೆ. ಖರ್ಚು ಸಾರ್ವಜನಿಕ ಹಣದ್ದಾದ್ದರಿಂದ ಅದರಲ್ಲಿ ಮತಯಾಚನೆ ಕೂಡದು, ಪಕ್ಷದ ಪ್ರಚಾರ ಕೂಡದು, ಚುನಾವಣೆ ಹತ್ತಿರ ಬಂದಾಗ ಸಾಮೂಹಿಕವಾಗಿ ಕಳುಹಿಸುವುದೂ ಕೂಡದು ಎಂಬ ನಿಯಮಗಳಿವೆ. ನಿಯಮದೊಳಗಿದ್ದುಕೊಂಡೇ ಆತ್ಮಪ್ರಶಂಸೆ ಮಾಡಿಕೊಳ್ಳುವ ಕಲೆ ಎಲ್ಲ ದೇಶದ ರಾಜಕಾರಣಿಗಳಿಗೂ ಒಲಿದಿದೆ ಎಂಬುದು ಬೇರೆ ಮಾತು. ಆದರೂ ಯಾವ ಮಸೂದೆ ಬಂದಿತ್ತು, ತಾನು ಯಾವ ಕಡೆ ಮತ ಹಾಕಿದೆ, ಅದರಲ್ಲಿ ನಮ್ಮ ಜಿಲ್ಲೆಗೇನಿದೆ ಎಂದು ಬರೆದು ತಿಳಿಸುವ ಪದ್ಧತಿಯೊಂದು ಉಳಿದು ಬಂದಿರುವುದು ಗೌರವಕ್ಕೆ ಅರ್ಹವೇ ಸರಿ.

ಗ್ರಾಮೀಣ ಕ್ಷೇತ್ರದ ಸದಸ್ಯರ ಇಂತಹ ಪತ್ರಗಳಲ್ಲಿ ಎರಡು ಕಾಯಿದೆಗಳು ಬಹುಮಟ್ಟಿಗೆ ಜೊತೆಜೊತೆಯಾಗಿ ಬರುತ್ತವೆ. ಒಂದು, ಪ್ರತಿವರ್ಷದ ರಾಷ್ಟ್ರೀಯ ರಕ್ಷಣಾ ಅಧಿಕಾರ ಕಾಯಿದೆ. ಇನ್ನೊಂದು, ಸುಮಾರು ಐದು ವರ್ಷಗಳಿಗೊಮ್ಮೆ ನವೀಕರಣಗೊಳ್ಳಬೇಕಾದ ಕೃಷಿ ಕಾಯಿದೆ, ಅಲ್ಲಿನವರ ಮಾತಿನಲ್ಲಿ ಫಾರ್ಮ್ ಬಿಲ್. ಸೈನಿಕರ ಸಂಬಳ ಎಷ್ಟು ಏರಿತು ಎಂಬುದು ಒಂದು ಪರಿಚ್ಛೇದ. ಬೆಳೆವಿಮೆ ಹೇಗೆ ಉಳಿಯಿತು ಎಂಬುದು ಮತ್ತೊಂದು. ಸೇನೆಗೂ ಬೇಸಾಯಕ್ಕೂ ಏನು ಸಂಬಂಧ ಎಂದು ನಿಮಗೆ ಅನಿಸಬಹುದು. ಅಮೆರಿಕದ ಹಳ್ಳಿಗಾಡಿನಲ್ಲಿ ಹಲವೆಡೆ ಎರಡೂ ಒಂದೇ ನೆಲದ ಮೇಲೆ ನಿಂತಿವೆ. ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗವನ್ನೇ ನೋಡಿ. ಪ್ರಾಚೀನ ಹಿಮನದಿಗಳು ಸುತ್ತಲಿನ ಪ್ರದೇಶವನ್ನೆಲ್ಲ ಉಜ್ಜಿ ಸಮತಟ್ಟು ಮಾಡಿದಾಗ ಈ ತುಂಡು ಮಾತ್ರ ಅವುಗಳ ಹಾದಿಯಿಂದ ತಪ್ಪಿಸಿಕೊಂಡಿತು. ಹಾಗಾಗಿ ಅಲ್ಲಿ ಇಂದಿಗೂ ಕಡಿದಾದ ಗುಡ್ಡಗಳು, ಕಿರಿದಾದ ಕಣಿವೆಗಳು, ಕಣಿವೆಯ ತಳದಲ್ಲಿ ತೊರೆಗಳು. ಅಲ್ಲಿನ ಮನ್ರೋ ಕೌಂಟಿಯಲ್ಲಿ ಫೋರ್ಟ್ ಮೆಕಾಯ್ ಎಂಬ ದೊಡ್ಡ ಸೇನಾ ತರಬೇತಿ ನೆಲೆ ಇದೆ. ಅದೇ ಕೌಂಟಿಯಲ್ಲಿ ಕೂನ್ ಕ್ರೀಕ್ ಎಂಬ ತೊರೆಯ ಮೇಲ್ಭಾಗವೂ ಇದೆ. ಆ ತೊರೆಯ ಕಥೆಗೆ ಆಮೇಲೆ ಬರುತ್ತೇನೆ, ಏಕೆಂದರೆ ಗುಡ್ಡದವರಾದ ನಮಗೆ ಅದೇ ಮುಖ್ಯ. ಅಂತಹ ಜಿಲ್ಲೆಯ ಪ್ರತಿನಿಧಿ ತನ್ನ ಪತ್ರದಲ್ಲಿ ಎರಡೂ ಕಾಯಿದೆಗಳ ಬಗ್ಗೆ ಬರೆಯದೆ ಗತ್ಯಂತರವಿಲ್ಲ.

2018ನೇ ಇಸವಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆ ವರ್ಷ ಮೇ 18ರಂದು ಪ್ರತಿನಿಧಿ ಸಭೆಯಲ್ಲಿ ಕೃಷಿ ಮಸೂದೆ 198–213 ಮತಗಳಿಂದ ಬಿದ್ದುಹೋಯಿತು. ಕಾರಣ ಬೇಸಾಯದ್ದಲ್ಲ. ವಿರೋಧ ಪಕ್ಷ ಆಹಾರ ನೆರವಿನ ಷರತ್ತುಗಳನ್ನು ಒಪ್ಪಲಿಲ್ಲ. ಆಳುವ ಪಕ್ಷದೊಳಗಿನ ಒಂದು ಗುಂಪು ಮೊದಲು ವಲಸೆ ಮಸೂದೆಯ ಮೇಲೆ ಮತವಾಗಲಿ ಎಂದು ಹಟ ಹಿಡಿಯಿತು. ಆರೇ ದಿನಗಳ ಬಳಿಕ, ಮೇ 24ರಂದು, ಅದೇ ಸಭೆ ರಕ್ಷಣಾ ಮಸೂದೆಯನ್ನು 351–66 ಮತಗಳ ಭಾರಿ ಬಹುಮತದಿಂದ ಅಂಗೀಕರಿಸಿತು. ಜೂನ್ 21ರಂದು ಕೃಷಿ ಮಸೂದೆ ಮತ್ತೆ ಬಂದು 213–211ರಲ್ಲಿ, ಎರಡೇ ಮತಗಳ ಅಂತರದಲ್ಲಿ, ದಡ ಸೇರಿತು. ಆಗಸ್ಟ್ 13ರಂದು ರಕ್ಷಣಾ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿತ್ತು. ಅದರ ಗಾತ್ರ ಸುಮಾರು 71,700 ಕೋಟಿ ಡಾಲರ್. ಸೈನಿಕರ ವೇತನ ಶೇಕಡಾ 2.6ರಷ್ಟು ಏರಿತು. ಸೆಪ್ಟೆಂಬರ್ 30ರಂದು ಹಳೆಯ ಕೃಷಿ ಕಾಯಿದೆಯ ಅವಧಿ ಮುಗಿಯಿತು. ಹೊಸದು ಇನ್ನೂ ಸಿದ್ಧವಿರಲಿಲ್ಲ. ಅದಕ್ಕೆ ಅಂಕಿತ ಬಿದ್ದದ್ದು ಡಿಸೆಂಬರ್ 20ರಂದು.

ಇದು ಒಂದು ವರ್ಷದ ಆಕಸ್ಮಿಕವಲ್ಲ. ರಕ್ಷಣಾ ಅಧಿಕಾರ ಕಾಯಿದೆ 1961ರಿಂದ ಒಂದು ವರ್ಷವೂ ತಪ್ಪಿಲ್ಲ. 2020ರ ಕೊನೆಯಲ್ಲಿ ಅಧ್ಯಕ್ಷರೇ ಅದನ್ನು ತಿರಸ್ಕರಿಸಿದರು. ಆಗ ಕಾಂಗ್ರೆಸ್ಸಿನ ಎರಡೂ ಮನೆಗಳು ಮೂರನೆಯ ಎರಡಕ್ಕಿಂತ ಹೆಚ್ಚಿನ ಬಹುಮತದಿಂದ ಆ ತಿರಸ್ಕಾರವನ್ನು ಮೀರಿ ಅದನ್ನು ಕಾಯಿದೆಯಾಗಿಸಿದವು. ಕೃಷಿ ಕಾಯಿದೆಯದು ಬೇರೆ ಜಾತಕ. 2018ರ ಕಾಯಿದೆ 2023ರಲ್ಲಿ ಮುಗಿಯಬೇಕಿತ್ತು. ಹೊಸದು ಬರಲಿಲ್ಲ, ಹಳೆಯದನ್ನೇ ಒಂದು ವರ್ಷ ಎಳೆದರು, 2024ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಎಳೆದರು, 2025ರ ನವೆಂಬರಿನಲ್ಲಿ ಮೂರನೆಯ ಬಾರಿ 2026ರ ಸೆಪ್ಟೆಂಬರ್ 30ರವರೆಗೆ ಎಳೆದರು. ನಡುವೆ 2024ರ ಮೇ ತಿಂಗಳಲ್ಲಿ ಪ್ರತಿನಿಧಿ ಸಭೆಯ ಕೃಷಿ ಸಮಿತಿ ಒಂದು ಮಸೂದೆಯನ್ನು 33–21 ಮತಗಳಿಂದ ಒಪ್ಪಿತು. ಅದು ಪೂರ್ಣ ಸಭೆಯ ಮುಂದೆ ಬರಲೇ ಇಲ್ಲ. ಆ ಮಸೂದೆಗೆ ಇಟ್ಟ ಹೆಸರನ್ನು ಮಾತ್ರ ಗಮನಿಸಿ: ಕೃಷಿ, ಆಹಾರ ಮತ್ತು ರಾಷ್ಟ್ರೀಯ ಭದ್ರತಾ ಕಾಯಿದೆ. ಬೇಸಾಯದ ಮಸೂದೆಯೂ ಭದ್ರತೆಯ ಅಂಗಿ ತೊಟ್ಟರೆ ಬೇಗ ದಾಟೀತು ಎಂಬ ಲೆಕ್ಕಾಚಾರವಿರಬೇಕು. ಅಂಗಿ ಕೆಲಸಕ್ಕೆ ಬರಲಿಲ್ಲ.

ಅವಧಿ ಮುಗಿದರೆ ಏನಾಗುತ್ತದೆ? ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. 1938 ಮತ್ತು 1949ರ ಎರಡು ಹಳೆಯ ಕೃಷಿ ಕಾಯಿದೆಗಳು ಅಲ್ಲಿ ಇನ್ನೂ ರದ್ದಾಗಿಲ್ಲ. ಹೊಸ ಕಾಯಿದೆಗಳು ಅವುಗಳನ್ನು ತಾತ್ಕಾಲಿಕವಾಗಿ ಮಲಗಿಸಿರುತ್ತವೆ, ಅಷ್ಟೇ. ಹೊಸದರ ಅವಧಿ ತೀರಿದರೆ ಹಳೆಯವು ಎದ್ದು ಕೂರುತ್ತವೆ. ಆಗ ಬೆಂಬಲ ಬೆಲೆಯನ್ನು 1910ರಿಂದ 1914ರವರೆಗಿನ ಕಾಲದಲ್ಲಿ ರೈತನ ಫಸಲಿಗೂ ಅವನು ಕೊಳ್ಳುವ ಸಾಮಾನಿಗೂ ಇದ್ದ ಅನುಪಾತದ ಮೇಲೆ ಕಟ್ಟಬೇಕಾಗುತ್ತದೆ. ಹಾಲಿನ ಬೆಂಬಲ ಬೆಲೆ ಮಾರುಕಟ್ಟೆಯ ಬೆಲೆಯನ್ನು ಎಷ್ಟೋ ಮೀರಿ ನೆಗೆಯುತ್ತದೆ. ಸರ್ಕಾರ ಹಾಲಿನ ಪದಾರ್ಥವನ್ನೆಲ್ಲ ತಾನೇ ಕೊಳ್ಳಬೇಕಾದೀತು. ಇದನ್ನು ಮೂಢತನವೆಂದು ನಕ್ಕುಬಿಡಬಾರದು. ಕಾಂಗ್ರೆಸ್ ಬೇಸಾಯವನ್ನು ಮರೆಯದಿರಲಿ ಎಂದು ಅದರ ತಲೆಯ ಮೇಲೆ ತೂಗುಬಿಟ್ಟ ಕಲ್ಲು ಅದು. ಆದರೆ ಈ ಕಲ್ಲು ಹಾಲು, ಗೋಧಿ, ಹತ್ತಿಗಳಂಥವಕ್ಕಷ್ಟೇ ಕಾವಲು. ಮಣ್ಣಿನ ಸಂರಕ್ಷಣೆ, ಸಾವಯವ ಬೇಸಾಯ, ಸಣ್ಣ ರೈತರ ತರಬೇತಿ ಇಂಥವಕ್ಕೆ 1949ರ ಕಾಯಿದೆಯಲ್ಲಿ ಜಾಗವಿಲ್ಲ. ಅವಧಿ ಮುಗಿದ ಮರುದಿನ ಅವುಗಳಲ್ಲಿ ಹಲವಕ್ಕೆ ಆಧಾರವೇ ತಪ್ಪುತ್ತದೆ. ವಾಷಿಂಗ್ಟನ್ನಿನ ಮುಂಗಡಪತ್ರ ತಜ್ಞರು ಮುಂದಿನ ವರ್ಷಕ್ಕೆ ಹಣದ ಲೆಕ್ಕವಿಲ್ಲದ ಇಂತಹ ಯೋಜನೆಗಳನ್ನು ಅನಾಥ ಯೋಜನೆಗಳು ಎಂದೇ ಕರೆಯುತ್ತಾರೆ. 2018ರ ಶರತ್ಕಾಲದಲ್ಲಿ ಇಳಿಜಾರಿನ ಜಮೀನನ್ನು ಉಳುಮೆಯಿಂದ ಬಿಡಿಸಿ ಹುಲ್ಲು ಬೆಳೆಸುವ ಕರಾರಿಗೆ ಹೊಸದಾಗಿ ಸಹಿ ಹಾಕಲು ರೈತ ಸಿದ್ಧನಿದ್ದರೂ ಕಚೇರಿ ಸಿದ್ಧವಿರಲಿಲ್ಲ.

ಹಾಗಾದರೆ ಕಾಯಿದೆ ಜಾರಿಯಲ್ಲಿದ್ದಾಗ ಎಲ್ಲವೂ ಸರಿಯೇ? ಇಲ್ಲಿಯೇ ಪತ್ರವನ್ನು ಎಚ್ಚರದಿಂದ ಓದಬೇಕಾದದ್ದು. ನಮ್ಮಲ್ಲಿ ಮಂಜೂರಾಯಿತು ಎಂಬ ಮಾತಿಗೆ ಎಷ್ಟು ಅರ್ಥಗಳಿವೆಯೆಂದು ನಿಮಗೆ ಗೊತ್ತು. ಸೇತುವೆ ಮಂಜೂರಾಗಿ ಹತ್ತು ಮಳೆಗಾಲ ಕಳೆದಿರುತ್ತದೆ. ಅಮೆರಿಕದಲ್ಲಿ ಈ ಅಂತರಕ್ಕೆ ಶಾಸನದಲ್ಲೇ ಸ್ಥಾನವಿದೆ. ಒಂದು ಬಗೆಯ ಕಾಯಿದೆ ಅಧಿಕಾರ ಕೊಡುತ್ತದೆ: ಇಂತಹ ಕೆಲಸಕ್ಕೆ ಇಷ್ಟರವರೆಗೆ ಖರ್ಚು ಮಾಡಬಹುದು ಎನ್ನುತ್ತದೆ. ಹಣ ಕೊಡುವುದು ಬೇರೊಂದು ಕಾಯಿದೆ, ಅಂದರೆ ಪ್ರತಿವರ್ಷದ ಧನವಿನಿಯೋಗ. ರಕ್ಷಣಾ ಅಧಿಕಾರ ಕಾಯಿದೆಯ ಹೆಸರಿನಲ್ಲೇ ಅದು ಮೊದಲನೆಯ ಬಗೆಯದೆಂಬುದು ಸ್ಪಷ್ಟ. ಕೃಷಿ ಕಾಯಿದೆ ಮಿಶ್ರ. ಆಹಾರ ನೆರವು, ಬೆಳೆವಿಮೆ, ಜೋಳ–ಸೋಯಾ–ಗೋಧಿ–ಹತ್ತಿಗಳ ಬೆಲೆ ಪೂರಣ, ಭೂ ಸಂರಕ್ಷಣೆಯ ಮುಖ್ಯ ಯೋಜನೆಗಳು ಇವಕ್ಕೆ ಹಣವೂ ಕಾಯಿದೆಯೊಳಗೇ ಬರುತ್ತದೆ. ಉಳಿದ ಎಷ್ಟೋ ಯೋಜನೆಗಳಿಗೆ ಬರುವುದು ಬರೀ ಅಧಿಕಾರ. ಪತ್ರದಲ್ಲಿ ಎರಡೂ ಒಂದೇ ವಾಕ್ಯದಲ್ಲಿ, ಒಂದೇ ಉತ್ಸಾಹದಲ್ಲಿ ಬರುತ್ತವೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉದಾಹರಣೆ ಸಣ್ಣ ಜಲಾನಯನಗಳ ಕಾಯಿದೆ. 1954ರಲ್ಲಿ ಬಂದ ಈ ಕಾಯಿದೆ ಹಳ್ಳಿಗಳ ತೊರೆಗಳಿಗೆ ಪ್ರವಾಹ ತಡೆಯುವ ಕಿರು ಅಣೆಕಟ್ಟುಗಳನ್ನು ಕಟ್ಟಲು, ಇಳಿಜಾರಿನ ಮಣ್ಣು ಉಳಿಸಲು ಕೇಂದ್ರದ ನೆರವು ಒದಗಿಸುತ್ತದೆ. ಕಾಯಿದೆ ಎಂದೂ ರದ್ದಾಗಲಿಲ್ಲ. ಆದರೆ 2011ರಿಂದ 2016ರವರೆಗಿನ ಆರು ಹಣಕಾಸು ವರ್ಷಗಳಲ್ಲಿ ಅದರ ಹೊಸ ಕಾಮಗಾರಿಗಳಿಗೆ ಕಾಂಗ್ರೆಸ್ ಕೊಟ್ಟ ಹಣ ಸೊನ್ನೆ. ಅಧಿಕಾರವಿತ್ತು, ಕಚೇರಿಯಿತ್ತು, ಮಾರ್ಗದರ್ಶಿ ಕೈಪಿಡಿಯಿತ್ತು, ಹಣವಿರಲಿಲ್ಲ. 2017ರಲ್ಲಿ 15 ಕೋಟಿ ಡಾಲರ್ ಬಂತು. 2018ರ ಕೃಷಿ ಕಾಯಿದೆ ವರ್ಷಕ್ಕೆ 5 ಕೋಟಿ ಡಾಲರನ್ನು ಧನವಿನಿಯೋಗದ ಹಂಗಿಲ್ಲದೆ ಖಾಯಂ ಮಾಡಿತು. ರಕ್ಷಣೆಯ ಆ ವರ್ಷದ ಮೊತ್ತವನ್ನು ಮೇಲೆ ಹೇಳಿದ್ದೇನೆ, ಭಾಗಾಕಾರವನ್ನು ನೀವೇ ಮಾಡಿಕೊಳ್ಳಿ.

ಈಗ ಕೂನ್ ಕ್ರೀಕಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕಣಿವೆಗೆ ಬಂದು ನೆಲೆಸಿದವರು, ಹೆಚ್ಚಾಗಿ ನಾರ್ವೆಯಿಂದ ಬಂದವರು, ಚೌಕಾಕಾರದ ಹೊಲಗಳನ್ನು ಗುಡ್ಡದ ಮೇಲಿಂದ ಕೆಳಕ್ಕೆ ಉತ್ತರು, ಕಡಿದಾದ ಕಾಡುಗಳಲ್ಲಿ ದನ ಮೇಯಿಸಿದರು. ಎರಡು ಮೂರು ತಲೆಮಾರುಗಳಲ್ಲಿ ಮೇಲ್ಮಣ್ಣು ತೊರೆಗೆ ಇಳಿಯಿತು. ಕೊರಕಲುಗಳು ಹೊಲದೊಳಗೆ ಹರಿದುಬಂದವು. ಕಣಿವೆಯ ತಳದ ಬೇಲಿಗಳೂ ರಸ್ತೆಗಳೂ ಹೂಳಿನಲ್ಲಿ ಮುಳುಗಿದವು. 1933ರಲ್ಲಿ ಸರ್ಕಾರ ಭೂಸವಕಳಿಗೆಂದೇ ಒಂದು ವಿಭಾಗವನ್ನು ತೆರೆದು, ಹ್ಯೂ ಹ್ಯಾಮಂಡ್ ಬೆನೆಟ್ ಎಂಬ ಮಣ್ಣು ವಿಜ್ಞಾನಿಯನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದಾಗ, ಇಡೀ ಜಲಾನಯನವನ್ನು ಒಂದು ಘಟಕವಾಗಿ ಹಿಡಿದು ಕೆಲಸ ಮಾಡುವ ದೇಶದ ಮೊಟ್ಟಮೊದಲ ಪ್ರಾತ್ಯಕ್ಷಿಕೆಗೆ ಆಯ್ಕೆಯಾದದ್ದು ಈ ಕೂನ್ ಕಣಿವೆ. ಸುಮಾರು 92,000 ಎಕರೆ. ನಿರುದ್ಯೋಗಿ ತರುಣರ ಸರ್ಕಾರಿ ಶಿಬಿರಗಳಿಂದ ಆಳುಗಳು ಬಂದರು. ಸುಮಾರು 800 ಹಿಡುವಳಿಗಳಲ್ಲಿ 400ಕ್ಕೂ ಹೆಚ್ಚಿನವು ಐದು ವರ್ಷಗಳ ಒಪ್ಪಂದಕ್ಕೆ ಬಂದವು.

ಏನು ಮಾಡಿದರು? ಗುಡ್ಡದ ಸಮಎತ್ತರದ ಗೆರೆಯನ್ನು ಅನುಸರಿಸಿ ಉಳುವುದು. ಒಂದು ಪಟ್ಟಿ ಮುಸುಕಿನ ಜೋಳ, ಅದರ ಕೆಳಗೊಂದು ಪಟ್ಟಿ ಓಟ್ಸ್, ಅದರ ಕೆಳಗೆ ಕುದುರೆಮಸಾಲೆ ಸೊಪ್ಪು ಎಂದು ಪಟ್ಟಿ ಬೇಸಾಯ ಮಾಡುವುದು. ಕಡಿದಾದ ಕಾಡಿನಿಂದ ದನಗಳನ್ನು ಬೇಲಿ ಹಾಕಿ ಹೊರಗಿಡುವುದು. ಕೊರಕಲಿನ ಬಾಯಿಗೆ ಗಿಡ ನೆಡುವುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಆಲ್ಡೋ ಲಿಯೋಪೋಲ್ಡ್ ಈ ಕೆಲಸಕ್ಕೆ ಸಲಹೆಗಾರರಾಗಿದ್ದರು ಮತ್ತು 1935ರಲ್ಲಿ ಅದರ ಬಗ್ಗೆ ಬರೆದರು. ಅದೇ ವರ್ಷದ ವಸಂತದಲ್ಲಿ, ಬೆನೆಟ್ ವಾಷಿಂಗ್ಟನ್ನಿನಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿಯುತ್ತಿರುವಾಗ ಪಶ್ಚಿಮದ ಬಯಲುಗಳಿಂದ ಎದ್ದ ಧೂಳಿನ ಮೋಡ ರಾಜಧಾನಿಯ ಮೇಲೆ ಕವಿಯಿತೆಂದೂ, ಅದು ಬರುವವರೆಗೆ ಆತ ಬೇಕೆಂದೇ ಮಾತು ಬೆಳೆಸುತ್ತಿದ್ದನೆಂದೂ ಹೇಳುತ್ತಾರೆ. ಏಪ್ರಿಲ್ 27ರಂದು ಭೂಸಂರಕ್ಷಣಾ ಕಾಯಿದೆಗೆ ಅಂಕಿತವಾಯಿತು. ನಮ್ಮ ವಿಜ್ಞಾನಿಗಳಿಗೆ ಆ ಮಟ್ಟದ ಸಮಯಪ್ರಜ್ಞೆ ಇಲ್ಲವೆಂಬುದು ನನ್ನ ಹಳೆಯ ಕೊರಗು. ಕೂನ್ ಕಣಿವೆಯ ಹೂಳನ್ನು ದಶಕಗಳ ಕಾಲ ಅಳೆದ ಭೂಗೋಳ ವಿಜ್ಞಾನಿ ಸ್ಟ್ಯಾನ್ಲಿ ಟ್ರಿಂಬಲ್, 1930ರ ದಶಕಕ್ಕೆ ಹೋಲಿಸಿದರೆ ಕಣಿವೆಯಲ್ಲಿ ಹೂಳು ಶೇಖರವಾಗುವ ವೇಗ ಬಹಳಷ್ಟು ಕುಸಿದಿರುವುದನ್ನು ತೋರಿಸಿದರು. ಅಂದರೆ ಕೆಲಸ ಫಲಿಸಿತ್ತು.

1954ರ ಕಾಯಿದೆ ಬಂದ ಮೇಲೆ ಇದೇ ಕಣಿವೆಯಲ್ಲಿ ಮತ್ತು ಪಕ್ಕದ ಕಿಕಾಪೂ ನದಿಯ ಪಶ್ಚಿಮ ಕವಲಿನಲ್ಲಿ ಪ್ರವಾಹ ತಡೆಯುವ ಮಣ್ಣಿನ ಕಿರು ಅಣೆಕಟ್ಟುಗಳು ಎದ್ದವು. 2018ರ ಆಗಸ್ಟ್ 27–28ರ ರಾತ್ರಿ ಸುರಿದ ಭಾರಿ ಮಳೆಗೆ ಅವುಗಳಲ್ಲಿ ಐದು ಒಡೆದವು. ರಕ್ಷಣಾ ಕಾಯಿದೆಗೆ ಅಂಕಿತ ಬಿದ್ದು ಹದಿನೈದು ದಿನಗಳಾಗಿದ್ದವು. ಕೃಷಿ ಕಾಯಿದೆಯ ಅವಧಿ ಮುಗಿಯಲು ಒಂದು ತಿಂಗಳಿತ್ತು. ಅದೇ ಆಗಸ್ಟಿನ ಮಧ್ಯದಲ್ಲಿ ನಮ್ಮ ಕೊಡಗಿನ ಗುಡ್ಡಗಳು ಜಾರಿದ್ದನ್ನು ಇಲ್ಲಿರುವ ಯಾರೂ ಮರೆತಿರಲಾರರು.

ಅಣೆಕಟ್ಟು ಒಡೆದದ್ದು ಹಣ ತಪ್ಪಿದ್ದರಿಂದ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಭಾಷಣಕ್ಕೆ ಕಳೆ ಬರುತ್ತದೆ, ಸತ್ಯಕ್ಕೆ ಬರುವುದಿಲ್ಲ. ಪರಿಶೀಲನೆಯಲ್ಲಿ ಕಂಡದ್ದು ಬೇರೆ. ಒಡೆದದ್ದು ಮುಖ್ಯವಾಗಿ ಮಣ್ಣಿನ ಏರಿಯಲ್ಲ, ಏರಿ ಒರಗಿಕೊಂಡಿದ್ದ ಬೆಟ್ಟದ ಪಕ್ಕೆ. ಅಲ್ಲಿನ ಮರಳುಗಲ್ಲು ಬಿರುಕುಗಳಿಂದ ತುಂಬಿದ್ದು, ನೀರು ಆ ಬಿರುಕುಗಳಲ್ಲಿ ನುಗ್ಗಿ ಬೆಟ್ಟದ ಪಕ್ಕೆಯನ್ನೇ ಸೀಳಿತು. ಉಳಿದ ಅಣೆಕಟ್ಟುಗಳು ನಿಂತಿರುವುದೂ ಅದೇ ಬಗೆಯ ಬಂಡೆಗೆ ಒರಗಿಯೇ. ಹಲವು ವರ್ಷಗಳ ಅಧ್ಯಯನದ ನಂತರ ಕೇಂದ್ರದ ಸಂರಕ್ಷಣಾ ಇಲಾಖೆ, ದುರಸ್ತಿಯ ವೆಚ್ಚ ಪ್ರಯೋಜನವನ್ನು ಮೀರುತ್ತದೆಂದು ಹೇಳಿ, ಈ ಎರಡು ಜಲಾನಯನಗಳ ಕಟ್ಟೆಗಳನ್ನು ಕಳಚಿಹಾಕುವುದೇ ಲೇಸೆಂದು ಶಿಫಾರಸು ಮಾಡಿತು. ಕಣಿವೆಯ ಜನ ಈಗ ಮತ್ತೆ ಇಳಿಜಾರಿನತ್ತ ನೋಡುತ್ತಿದ್ದಾರೆ, ಅಂದರೆ 1933ರ ಪಾಠದತ್ತ: ನೀರನ್ನು ಕೆಳಗೆ ಕಟ್ಟಿಹಿಡಿಯುವುದಕ್ಕಿಂತ ಮೇಲೆ ಇಂಗಿಸುವುದು. ಅದಕ್ಕೆ ಬೇಕಾದ ಹಣ ಯಾವ ಕಾಯಿದೆಯಲ್ಲಿದೆ? ಕೃಷಿ ಕಾಯಿದೆಯ ಸಂರಕ್ಷಣಾ ಅಧ್ಯಾಯದಲ್ಲಿ.

ಆ ಅಧ್ಯಾಯದ ಗಾತ್ರವನ್ನು ತಿಳಿಯಬೇಕು. 2018ರ ಕಾಯಿದೆಯ ಹತ್ತು ವರ್ಷಗಳ ಅಂದಾಜು ವೆಚ್ಚ 86,700 ಕೋಟಿ ಡಾಲರ್. ಅದರಲ್ಲಿ ಶೇಕಡಾ 76ರಷ್ಟು ಬಡವರ ಆಹಾರ ನೆರವು, ಬೆಳೆವಿಮೆ ಸುಮಾರು 9, ಬೆಲೆ ಪೂರಣ 7, ಸಂರಕ್ಷಣೆ 7. ಅಮೆರಿಕ ರೈತನಿಗೆ ಲಕ್ಷ ಕೋಟಿ ಸುರಿಯುತ್ತದೆ ಎನ್ನುವವರು ಆ ರಾಶಿಯ ಮುಕ್ಕಾಲು ಪಾಲು ರೈತನ ಹೊಲಕ್ಕಲ್ಲ, ಬಡವನ ಅಡುಗೆಮನೆಗೆ ಹೋಗುತ್ತದೆ ಎಂಬುದನ್ನು ಗಮನಿಸಿರುವುದಿಲ್ಲ. ಈ ಎರಡನ್ನು 1973ರಲ್ಲಿ ಒಂದೇ ಕಾಯಿದೆಯಲ್ಲಿ ಸೇರಿಸಿದ್ದು ಜಾಣತನದಿಂದ: ನಗರದ ಸದಸ್ಯ ಆಹಾರ ನೆರವಿಗಾಗಿ, ಹಳ್ಳಿಯ ಸದಸ್ಯ ಬೆಲೆಗಾಗಿ, ಇಬ್ಬರೂ ಒಂದೇ ಮಸೂದೆಗೆ ಕೈಯೆತ್ತುತ್ತಿದ್ದರು. ಭೂ ಮೀಸಲು ಯೋಜನೆ 1985ರಲ್ಲಿ ಬಂದದ್ದು. ಸವೆಯುವ ಜಮೀನನ್ನು ಹತ್ತು ಹದಿನೈದು ವರ್ಷ ಉಳದೆ ಹುಲ್ಲಿಗೋ ಮರಕ್ಕೋ ಬಿಟ್ಟ ರೈತನಿಗೆ ಸರ್ಕಾರ ಬಾಡಿಗೆ ಕೊಡುತ್ತದೆ. 2007ರಲ್ಲಿ ಇದರಲ್ಲಿ ಸುಮಾರು 3 ಕೋಟಿ 68 ಲಕ್ಷ ಎಕರೆ ಇತ್ತು. ಮುಂದೆ ಜೋಳದ ಬೆಲೆ ಏರಿತು, ಮಿತಿಯನ್ನು ಇಳಿಸಿದರು. 2018ರ ಕಾಯಿದೆ ಮಿತಿಯನ್ನು 2 ಕೋಟಿ 40 ಲಕ್ಷದಿಂದ 2 ಕೋಟಿ 70 ಲಕ್ಷ ಎಕರೆಗೆ ಏರಿಸಿತು. ಪತ್ರಗಳಲ್ಲಿ ಬರುವುದು ಈ ಏರಿಕೆ. ಆದರೆ ಅದೇ ಕಾಯಿದೆ ಸಾಮಾನ್ಯ ಸೇರ್ಪಡೆಯ ಬಾಡಿಗೆಯನ್ನು ಕೌಂಟಿಯ ಸರಾಸರಿಯ ಶೇಕಡಾ 85ಕ್ಕೆ ಮಿತಗೊಳಿಸಿತು. ಎಕರೆ ಹೆಚ್ಚಿಸಿ ಬಾಡಿಗೆ ಇಳಿಸಿದರೆ ಯಾರ ಜಮೀನು ಬಂದೀತು ಎಂಬುದನ್ನು ಗೇಣಿ ಕೊಟ್ಟು ಗೊತ್ತಿರುವ ನಿಮಗೆ ನಾನು ವಿವರಿಸಬೇಕಿಲ್ಲ.

ಈ ಕಾಯಿದೆಯ ಒಂದು ಎಳೆ ನಮ್ಮವರೆಗೂ ಬಂದಿತ್ತು. 1954ರ ಇನ್ನೊಂದು ಕಾಯಿದೆ, ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ಪಿ.ಎಲ್. 480, ಅಮೆರಿಕದ ಹೆಚ್ಚುವರಿ ಗೋಧಿಯನ್ನು ಹೊರದೇಶಗಳಿಗೆ ಕಳುಹಿಸುವುದಕ್ಕಾಗಿಯೇ ಬಂದದ್ದು; ಮುಂದೆ ಅದು ಕೃಷಿ ಕಾಯಿದೆಯ ಒಂದು ಅಧ್ಯಾಯವಾಗಿ ನವೀಕರಣಗೊಳ್ಳುತ್ತ ಬಂತು. 1965ರಿಂದ ಬರಗಾಲದ ವರ್ಷಗಳಲ್ಲಿ ಅಧ್ಯಕ್ಷ ಜಾನ್ಸನ್ ಭಾರತಕ್ಕೆ ಗೋಧಿಯನ್ನು ತಿಂಗಳ ಲೆಕ್ಕದಲ್ಲಿ, ಸಣ್ಣ ಸಣ್ಣ ಕಂತುಗಳಲ್ಲಿ ಬಿಟ್ಟರು. ನಮ್ಮ ಕೃಷಿ ನೀತಿ ಬದಲಾಗಲಿ ಎಂಬುದೂ, ವಿಯೆಟ್ನಾಂ ಯುದ್ಧದ ಬಗ್ಗೆ ನಮ್ಮ ಟೀಕೆ ನಿಲ್ಲಲಿ ಎಂಬುದೂ ಅದರ ಹಿಂದಿತ್ತು. ಆ ಗೋಧಿಯ ಜೊತೆಗೇ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಹುಲ್ಲು, ಬಂತೆಂದು ಎಲ್ಲರೂ ನಂಬುತ್ತಾರೆ. ಈ ಗಿಡದ ಹೆಸರು ಹತ್ತೊಂಬತ್ತನೆಯ ಶತಮಾನದ ಆರಂಭದ ಕಲ್ಕತ್ತೆಯ ಸಸ್ಯಪಟ್ಟಿಯಲ್ಲೇ ಇದೆ. ಹಾಗಾಗಿ ಗೋಧಿಯ ಹಡಗನ್ನು ಮಾತ್ರ ದೂರುವಂತಿಲ್ಲ. ಹರಡಿದ್ದು ಮಾತ್ರ 1950ರ ದಶಕದ ನಂತರವೇ.

2025ರಲ್ಲಿ ಹಳೆಯ ಜಾಣತನದ ಹೊಲಿಗೆ ಬಿಚ್ಚಿತು. ಆ ವರ್ಷ ಜುಲೈ 4ರಂದು ಅಂಕಿತವಾದ ತೆರಿಗೆ ಮತ್ತು ವೆಚ್ಚದ ದೊಡ್ಡ ಕಾಯಿದೆಯಲ್ಲಿ ರಕ್ಷಣೆಯೂ ಕೃಷಿಯೂ ಒಂದೇ ಹೊದಿಕೆಯೊಳಗೆ ಬಂದವು. ಸೆನೆಟ್ಟಿನಲ್ಲಿ ಮತಗಳು ಸಮವಾಗಿ, ಉಪಾಧ್ಯಕ್ಷರ ಮತದಿಂದ 51–50ರಲ್ಲಿ ಗೆದ್ದ ಕಾಯಿದೆ ಅದು. ರಕ್ಷಣೆಗೆ ಸುಮಾರು 15,000 ಕೋಟಿ ಡಾಲರ್ ಹೆಚ್ಚುವರಿ ಹಣ, ಅಧಿಕಾರವಲ್ಲ, ಹಣವೇ. ಮುಸುಕಿನ ಜೋಳದ ಆಧಾರ ಬೆಲೆ ಬುಶೆಲ್ಲಿಗೆ 3.70 ಡಾಲರಿನಿಂದ 4.10ಕ್ಕೆ, ಸೋಯಾದ್ದು 8.40ರಿಂದ 10 ಡಾಲರಿಗೆ ಏರಿತು. ಬಡವರ ಆಹಾರ ನೆರವಿನಿಂದ ಹತ್ತು ವರ್ಷಗಳಲ್ಲಿ ಸುಮಾರು 18,600 ಕೋಟಿ ಡಾಲರ್ ಕಡಿತವಾಗುವುದೆಂದು ಕಾಂಗ್ರೆಸ್ಸಿನದೇ ಮುಂಗಡಪತ್ರ ಕಚೇರಿ ಅಂದಾಜಿಸಿತು. ಹವಾಮಾನ ರಕ್ಷಣೆಗೆಂದು 2022ರಲ್ಲಿ ಬಂದಿದ್ದ ಸಂರಕ್ಷಣಾ ಹಣದಲ್ಲಿ ಖರ್ಚಾಗದೆ ಉಳಿದದ್ದನ್ನು ಸಾಮಾನ್ಯ ಸಂರಕ್ಷಣಾ ಲೆಕ್ಕಕ್ಕೆ ಸೇರಿಸಿದರು; ಹವಾಮಾನದ ಷರತ್ತನ್ನು ತೆಗೆದರು. ಬೆಲೆ ಪೂರಣದ ಪಾಲು ಮೊದಲೇ ಸಿಕ್ಕಿಬಿಟ್ಟ ಮೇಲೆ, ಉಳಿದ ಕೃಷಿ ಕಾಯಿದೆಗಾಗಿ ಹಟ ಹಿಡಿಯುವವರು ಕಡಿಮೆಯಾದರು. ನನ್ನ ದೃಷ್ಟಿಯಲ್ಲಿ ಆ ದೇಶದ ಸಣ್ಣ ರೈತನಿಗೆ ಆದ ದೊಡ್ಡ ನಷ್ಟ ಇದು: ಅವನ ಯೋಜನೆಗಳು ಜೋಳದವರ ಮತ್ತು ನಗರದವರ ಬೆನ್ನೇರಿ ದಾಟುತ್ತಿದ್ದವು, ಈಗ ತಾವೇ ಈಜಬೇಕು. ಅದೇ ಡಿಸೆಂಬರ್ 18ರಂದು ಸುಮಾರು 90,100 ಕೋಟಿ ಡಾಲರಿನ ರಕ್ಷಣಾ ಅಧಿಕಾರ ಕಾಯಿದೆ ಎಂದಿನಂತೆ ವರ್ಷ ತಪ್ಪದೆ ಬಂತು.

ಕೊನೆಯದಾಗಿ, ಪತ್ರದ ಎರಡು ಪರಿಚ್ಛೇದಗಳು ಒಂದೇ ಬಾವಿಯಲ್ಲಿ ಕೂಡಿದ ಪ್ರಸಂಗವೊಂದನ್ನು ಹೇಳಬೇಕು. ನ್ಯೂ ಮೆಕ್ಸಿಕೋ ರಾಜ್ಯದ ಕ್ಲೋವಿಸ್ ಪಟ್ಟಣದ ಬಳಿ ಕ್ಯಾನನ್ ವಾಯುನೆಲೆ ಇದೆ. ವಿಮಾನದ ಇಂಧನಕ್ಕೆ ಬೆಂಕಿ ಬಿದ್ದರೆ ನಂದಿಸುವ ನೊರೆಯನ್ನು ಸೇನಾನೆಲೆಗಳಲ್ಲಿ 1970ರ ದಶಕದಿಂದ ತರಬೇತಿಗಾಗಿ ಸುರಿಯುತ್ತಿದ್ದರು. ಆ ನೊರೆಯಲ್ಲಿ ಇಂಗಾಲಕ್ಕೆ ಫ್ಲೋರಿನ್ ಬಿಗಿದ, ಪಿಫಾಸ್ ಎಂದು ಕರೆಯುವ ರಾಸಾಯನಿಕಗಳಿರುತ್ತವೆ. ಅವು ಮಣ್ಣಿನಲ್ಲಿ ಕೊಳೆಯುವುದಿಲ್ಲ, ನೀರಿನಲ್ಲಿ ಚಲಿಸುತ್ತವೆ, ರಕ್ತದಲ್ಲಿ ಉಳಿಯುತ್ತವೆ. ನೆಲೆಯ ಪಕ್ಕದ ಹೈನುಗಾರನೊಬ್ಬನ ಬಾವಿಗಳಲ್ಲಿ ಅವು ಸೇರಿರುವುದು 2018ರಲ್ಲಿ ತಿಳಿಯಿತು. ದನಗಳು ಅದೇ ನೀರು ಕುಡಿದಿದ್ದವು. ಹಾಲು ಮಾರುವಂತಿಲ್ಲ, ಮಾಂಸಕ್ಕೂ ಕೊಡುವಂತಿಲ್ಲ. ಹಾಲು ಕರೆಯುವುದನ್ನು ನಿಲ್ಲಿಸುವಂತೆಯೂ ಇಲ್ಲ, ಕೆಚ್ಚಲು ಕೆಡುತ್ತದೆ, ಕರೆದು ಚೆಲ್ಲಬೇಕು. ಕೊನೆಗೆ 3,600ಕ್ಕೂ ಹೆಚ್ಚು ದನಗಳನ್ನು ಕೊಲ್ಲಬೇಕಾಯಿತು.

ಪರಿಹಾರ ಎರಡು ಕಾಯಿದೆಗಳಲ್ಲಿ ಹಂಚಿಹೋಗಿತ್ತು. ಚೆಲ್ಲಿದ ಹಾಲಿನ ಬೆಲೆ ಕೃಷಿ ಇಲಾಖೆಯ ಹೈನು ನಷ್ಟ ಪರಿಹಾರ ಯೋಜನೆಯಿಂದ ಬರಬೇಕು. ಕೀಟನಾಶಕದ ಶೇಷದಿಂದ ಹಾಲು ಕೆಟ್ಟವರಿಗೆಂದು 1964ರಲ್ಲಿ ಆರಂಭವಾದ ಯೋಜನೆ ಅದು. ದನಗಳಿಗೂ ಬೆಲೆ ಕೊಡುವಂತೆ ಅದರ ನಿಯಮ ತಿದ್ದುಪಡಿಯಾದದ್ದು 2021ರ ಡಿಸೆಂಬರಿನಲ್ಲಿ. ನೀರಿನ ಪ್ರಶ್ನೆ ರಕ್ಷಣಾ ಕಾಯಿದೆಗೆ ಸೇರಿದ್ದು. 2019ರ ಡಿಸೆಂಬರಿನಲ್ಲಿ ಬಂದ ರಕ್ಷಣಾ ಕಾಯಿದೆ, ಹೀಗೆ ಕೆಟ್ಟ ನೆಲದ ಕೃಷಿಗೆ ಶುದ್ಧ ನೀರು ಒದಗಿಸಬಹುದು ಎಂದಿತು. ಅದರ ಮರುವರ್ಷದ ಕಾಯಿದೆ, ಅಂತರ್ಜಲ ಹರಿಯುವ ದಿಕ್ಕಿನಲ್ಲಿರುವ ಹತ್ತಿರದ ಕೃಷಿಕರಿಗೆ ಸೂಚನೆ ಕೊಡತಕ್ಕದ್ದು ಎಂದಿತು. ನಮ್ಮ ಗೆಜೆಟ್ಟುಗಳನ್ನು ಓದಿ ಬಲ್ಲವರಿಗೆ ‘ಬಹುದು’ ಮತ್ತು ‘ತಕ್ಕದ್ದು’ ಇವುಗಳ ನಡುವಿನ ಅಂತರ ಗೊತ್ತು. ಬಾವಿ ಕೆಟ್ಟಿದೆ ಎಂದು ತಿಳಿಸುವುದು ಕಡ್ಡಾಯ. ಬೇರೆ ನೀರು ಕೊಡುವುದು ಐಚ್ಛಿಕ. ಆ ನೊರೆಯ ಬಳಕೆಯನ್ನು ಸೇನಾನೆಲೆಗಳಲ್ಲಿ ನಿಲ್ಲಿಸಲು 2019ರ ಕಾಯಿದೆ ಕೊಟ್ಟ ಗಡುವು 2024ರ ಅಕ್ಟೋಬರ್ 1. ವಿನಾಯಿತಿಗೂ ಅದರಲ್ಲೇ ಅವಕಾಶವಿತ್ತು, ಮತ್ತು ರಕ್ಷಣಾ ಇಲಾಖೆ ಅದನ್ನು ಬಳಸಿಕೊಂಡಿತು.